ಎರಡು ದಿನ ನೋಡೋಣವೇ, ಇವತ್ತೇ ಡಾಕ್ಟರ್ ಹತ್ತಿರ ಹೋಗೋಣವೇ? ಕೊಡಗಿನವರಿಗೊಂದು ಹೋಲಿಕೆ

ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮೂರು ದಿನದಿಂದ ಜ್ವರ ಬಂದು ಹೋಗ್ತಿದೆ, ತೋರಿಸ್ಬೇಕಾ? ಅಪ್ಪನಿಗೆ ಏರು ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತಂತೆ, ಅವರು ಗ್ಯಾಸ್ ಅಂತಾರೆ, ಸೀದಾ ಮೈಸೂರಿಗೆ ಕರ್ಕೊಂಡು ಹೋಗೋದಾ? ಎರಡು ತಿಂಗಳಿಂದ ಸುಸ್ತು, ಎಲ್ಲಿ ನೋವು ಅಂತ ಕೇಳಿದರೆ ಹೇಳೋಕೆ ಏನೂ ಇಲ್ಲ, ಹೋಗಿ ಏನಂತ ಹೇಳೋದು?

ಕಾಯಿಲೆ ಯಾವುದು ಅಂತ ಇಲ್ಲಿ ಹೇಳುತ್ತಿಲ್ಲ. ಅದು ಡಾಕ್ಟರ್ ಕೆಲಸ. ಕಾರಣ ಗೊತ್ತಿಲ್ಲದ ತೊಂದರೆ ಬಂದಾಗ ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನೋದನ್ನು ನೀವೇ ತೀರ್ಮಾನ ಮಾಡುವ ಹಾಗೆ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ನಮ್ಮ ಮುಂದಿರುವ ದಾರಿಗಳು ಇವು: ಮನೆಯಲ್ಲೇ ಕಾದು ನೋಡುವುದು, ಮೆಡಿಕಲ್ ಶಾಪ್, ಫೋನಿನಲ್ಲಿ ಡಾಕ್ಟರ್, ಊರಿಗೆ ಹತ್ತಿರದ ಡಾಕ್ಟರ್, ಮಡಿಕೇರಿ, ಘಟ್ಟ ಇಳಿದು ಮೈಸೂರು ಅಥವಾ ಮಂಗಳೂರು. ಇವೆಲ್ಲದರ ಜೊತೆಗೆ 108.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಜಾಸ್ತಿ ಜನ ಎರಡು ತುದಿಯಲ್ಲಿ ಒಂದನ್ನು ಹಿಡಿಯುತ್ತಾರೆ. ಒಂದೋ ಮನೆಯಲ್ಲಿ ವಾರಗಟ್ಟಲೆ ಕೂರುತ್ತಾರೆ, ಇಲ್ಲಾಂದ್ರೆ ಹೆದರಿ ಕಾರು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಓಡುತ್ತಾರೆ. ನಡುವೆ ಇರುವ ಹತ್ತಿರದ ಡಾಕ್ಟರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಹಳಷ್ಟು ಸಲ ಸರಿಯಾದ ಉತ್ತರ ಅಲ್ಲೇ ಇರುತ್ತದೆ.

ಯಾವುದರ ಮೇಲೆ ಅಳೆಯಬೇಕು

ಮೊದಲು, ಕಾರಣ ಇದೆಯೋ ಇಲ್ಲವೋ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ನಮಗೆ ಯಾರಿಗೂ ಅದು ಗಾಬರಿಯಲ್ಲ. ಆದರೆ ಮದ್ದು ತಿನ್ನದೆ, ಬೀಟ್‌ರೂಟ್ ತಿನ್ನದೆ, ಮಾರ್ಚ್ ತಿಂಗಳಲ್ಲಿ ಮೂತ್ರ ಕೆಂಪಾಗಿ ಬಂದರೆ ಅದು ಬೇರೆ ಮಾತು. ನೋವೇ ಇಲ್ಲದೆ ರಕ್ತ ಬಂದರೆ, ಒಂದೇ ಸಲ ಬಂದು ನಿಂತರೂ, ತೋರಿಸಲೇಬೇಕು. ಅದರಲ್ಲೂ ವಯಸ್ಸು 40 ದಾಟಿದ್ದು ಬೀಡಿ ಸಿಗರೇಟು ಅಭ್ಯಾಸ ಇದ್ದರೆ. ನೋವಿಲ್ಲ ಅಂತ ಸುಮ್ಮನಾಗುವವರೇ ಜಾಸ್ತಿ, ಅದಕ್ಕೆ ಹೇಳಿದೆ.

ಎರಡನೆಯದು ವೇಗ. ಒಂದೇ ಕ್ಷಣದಲ್ಲಿ ಬಂದಿದ್ದು, ಗಂಟೆಗಂಟೆಗೂ ಜಾಸ್ತಿಯಾಗುತ್ತಿರುವುದು ಕಾಯುವುದಿಲ್ಲ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಕಾಯಬಹುದು. ಹೆಚ್ಚೂ ಆಗದೆ ಕಡಿಮೆಯೂ ಆಗದೆ ವಾರಗಟ್ಟಲೆ ಉಳಿದುಬಿಡುವುದೇ ನಮ್ಮನ್ನು ಮೋಸಗೊಳಿಸುವುದು. ಅದಕ್ಕೆ ದಿನ ಎಣಿಸಬೇಕು. ಜ್ವರಕ್ಕೆ 3 ದಿನ. ಕೆಮ್ಮಿಗೆ 2 ವಾರ. ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಗಂಟಲು ಒಡೆದ ಧ್ವನಿ, ಇದಕ್ಕೆ 3 ವಾರದ ಮೇಲೆ ಒಂದು ದಿನವೂ ಬೇಡ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಇನ್ನೂ ಬೇಗ.

ಮೂರನೆಯದು, ನಿಮ್ಮ ದಿನದಲ್ಲಿ ಏನು ನಿಂತಿತು. ಊಟ ಸೇರುತ್ತಿಲ್ಲವೇ, ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ, ಮೂತ್ರ ಕಡಿಮೆಯಾಗಿದೆಯೇ? ಪ್ರಯತ್ನಪಡದೆ ತೂಕ ಇಳಿದಿದೆಯೇ? 60 ಕಿಲೋ ಇದ್ದವರು ಆರೇಳು ತಿಂಗಳಲ್ಲಿ 3 ಕಿಲೋ ಇಳಿದರೆ ಅದನ್ನು ತೋರಿಸಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಸೊಂಟದ ಬೆಲ್ಟು, ರವಿಕೆ ಸಡಿಲವಾಗಿದ್ದು ಹೇಳುತ್ತದೆ.

ನಾಲ್ಕನೆಯದು, ಯಾರಿಗೆ ಬಂದಿದೆ. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಬೇರೆಯವರಷ್ಟು ಕಾಯಬಾರದು. 3 ತಿಂಗಳಿಗಿಂತ ಸಣ್ಣ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅದೇ ದಿನ, ಅದೇ ಹೊತ್ತಿಗೆ ಆಸ್ಪತ್ರೆ.

ಕೊನೆಯದು ನಮ್ಮ ಊರಿನ ವಿಷಯ: ದಾರಿ. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120. ಕುಟ್ಟದಿಂದ ನಾಗರಹೊಳೆ ಕಾಡಿನ ದಾರಿ ರಾತ್ರಿ ಮುಚ್ಚಿರುತ್ತದೆ. ಸಿದ್ದಾಪುರ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ನಿಂತಿರಬಹುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಇಲ್ಲದ ಹಾಗೆ ಆಗಿದ್ದು ಯಾರಿಗೂ ಮರೆತಿಲ್ಲ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ “ಸಂಜೆವರೆಗೆ ನೋಡೋಣ” ಅಂದರೆ, ನಮ್ಮಲ್ಲಿ ಅದರ ನಿಜವಾದ ಅರ್ಥ “ನಾಳೆ ಬೆಳಿಗ್ಗೆವರೆಗೆ ನೋಡೋಣ” ಅಂತ. ಈ ರಾತ್ರಿ ಹೆಚ್ಚಾದರೆ ನಾನು ಇಲ್ಲಿಂದ ಹೊರಡಬಹುದೇ? ಉತ್ತರ ಇಲ್ಲ ಅಂತಾದರೆ, ಅನುಮಾನದ ಕೇಸನ್ನು ಬೆಳಕಿರುವಾಗಲೇ ತೋರಿಸಿ.

ಹೋಲಿಕೆ ಬೇಡ, ಹೊರಡಿ

ಕೆಲವಕ್ಕೆ ಆಯ್ಕೆ ಮಾಡುತ್ತಾ ಕೂರುವ ಸಮಯವೇ ಇಲ್ಲ. ಮುಖ ಒಂದು ಕಡೆ ಜಾರಿದೆ, ಒಂದು ಕೈ ಎತ್ತೋಕೆ ಆಗ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಪಾರ್ಶ್ವವಾಯು ಇರಬಹುದು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಡುವ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ಆದ್ದರಿಂದ 108ಕ್ಕೆ ಫೋನ್ ಮಾಡುವಾಗಲೇ ಸ್ಕ್ಯಾನ್ ಇರುವ ಆಸ್ಪತ್ರೆ ಬೇಕು ಅಂತ ಹೇಳಿ. ಕೊನೆಯ ಸಲ ಸರಿಯಾಗಿದ್ದನ್ನು ನೋಡಿದ್ದು ಎಷ್ಟು ಗಂಟೆಗೆ ಅನ್ನೋದನ್ನು ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು. ಹತ್ತು ನಿಮಿಷದಲ್ಲಿ ಎಲ್ಲಾ ಸರಿಹೋದರೂ ಅವತ್ತೇ ತೋರಿಸಿ. ಅದು ಮುನ್ಸೂಚನೆ ಇರಬಹುದು.

ಎದೆ ಮೇಲೆ ಭಾರ ಇಟ್ಟ ಹಾಗಿನ ನೋವು ಕಡಿಮೆಯಾಗದೆ ಬೆವರು ಬರುವುದು, ಏದುಸಿರು, ಇದ್ದಕ್ಕಿದ್ದ ಹಾಗೆ ಹಿಂದೆಂದೂ ಕಾಣದ ತಲೆನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಫಿಟ್ಸ್, ವಾಂತಿಯಲ್ಲಿ ರಕ್ತ, ಡಾಂಬರಿನ ಬಣ್ಣದ ಮಲ, ಗರ್ಭಿಣಿಗೆ ರಕ್ತಸ್ರಾವ ಅಥವಾ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಹೊಟ್ಟೆಯಲ್ಲಿರುವ ಮಗುವಿನ ಓಡಾಟ ಕಡಿಮೆ ಅನಿಸುವುದು. ಇವೂ ಅಷ್ಟೇ. ಮೆಡಿಕಲ್ ಶಾಪ್ ಬೇಡ, ಫೋನ್ ಸಲಹೆಯೂ ಬೇಡ. ಎದೆನೋವು ಬಂದವರೇ ಜೀಪು ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಒಂದು ವಿಷಯ: ನಮ್ಮ ಒಳದಾರಿಗಳಿಗೆ ಆಂಬುಲೆನ್ಸ್ ಬರಲು ಹೊತ್ತಾಗಬಹುದು. ಪಕ್ಕದ ಮನೆಯವರ ಗಾಡಿ ಸಿಕ್ಕರೆ ಮುಖ್ಯ ರಸ್ತೆವರೆಗೆ ಬಂದು ಅಲ್ಲಿ ಸೇರಿಕೊಳ್ಳುವುದಾಗಿ 108ರವರಿಗೆ ಹೇಳಬಹುದು.

ಗ್ಯಾಸಾ, ಹೃದಯವಾ

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು ಅನಿಸುತ್ತದೆ, ಯಾಕಂದ್ರೆ ನಮ್ಮಲ್ಲಿ ಗ್ಯಾಸ್ ಅಂದುಕೊಂಡು ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಮದುವೆಮನೆಯಲ್ಲಿ ಪಂದಿಕರಿ, ಎರಡು ಪೆಗ್, ತಡರಾತ್ರಿ ಊಟ. ಮಾರನೇ ದಿನ ಎದೆ ಉರಿದರೆ ಗ್ಯಾಸ್ ಅನ್ನುವುದು ಸಹಜ. ಹುಳಿ ತೇಗು ಬರುತ್ತೆ, ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ, ಹಾಗಿದ್ದರೆ ಅದು ಹೊಟ್ಟೆಯದ್ದೇ ಇರಬಹುದು.

ಆದರೆ ತೋಟದಲ್ಲಿ ಏರು ಹತ್ತುವಾಗ ಎದೆ ಬಿಗಿದು, ಒಂದು ಮರ ಹಿಡಿದು ಎರಡು ನಿಮಿಷ ನಿಂತರೆ ಹೋಗಿ, ಮತ್ತೆ ಹತ್ತಿದರೆ ಮತ್ತೆ ಬರುವುದು ಇದೆಯಲ್ಲ, ಅದನ್ನು ಗ್ಯಾಸ್ ಅನ್ನಬೇಡಿ. ಗ್ಯಾಸಿಗೆ ಏರು ಇಳಿಜಾರು ಗೊತ್ತಿಲ್ಲ. ಹೃದಯದ ರಕ್ತನಾಳ ಕಿರಿದಾದಾಗ, ಮೈ ಕೆಲಸ ಜಾಸ್ತಿ ಕೇಳಿದರೆ ಹೀಗಾಗಬಹುದು. ಇದು ಆ ವಾರದಲ್ಲೇ ತೋರಿಸಬೇಕಾದ್ದು. ಮೊದಲಿಗಿಂತ ಕಡಿಮೆ ಏರಿಗೇ ಬರತೊಡಗಿದರೆ ಅವತ್ತೇ ತೋರಿಸಿ. ಸುಮ್ಮನೆ ಕೂತಿರುವಾಗಲೇ ಬಂದರೆ ಅದು ತುರ್ತು, ಹೊರಡಿ. ಹೆಂಗಸರಿಗೆ, ಸಕ್ಕರೆ ಇರುವವರಿಗೆ ಎದೆನೋವೇ ಇಲ್ಲದಿರಬಹುದು. ಏದುಸಿರು, ವಿಪರೀತ ಸುಸ್ತು, ದವಡೆ ಅಥವಾ ಭುಜ ಎಳೆಯುವುದು, ಇಷ್ಟೇ ಕಾಣಬಹುದು.

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಯೋಜನೆಯಲ್ಲಿರುವ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತವಾಗಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮೊದಲ ಕೆಲವು ಗಂಟೆಯಲ್ಲಿ ಅದು ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಜಾಸ್ತಿ. ಹಾಗಾಗಿ ಎದೆನೋವಿಗೆ ಸೀದಾ ಮೈಸೂರು ಅನ್ನುವ ಮುಂಚೆ, ದಾರಿಯಲ್ಲೇ ಸಿಗುವ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಅಂತ ಆರೋಗ್ಯವಾಗಿರುವಾಗಲೇ ಒಮ್ಮೆ ಕೇಳಿಟ್ಟುಕೊಳ್ಳಿ.

ಮನೆಯಲ್ಲೇ ಕಾದು ನೋಡುವುದು

ಖರ್ಚಿಲ್ಲ. ಸಾಮಾನ್ಯ ನೆಗಡಿ, ಗಂಟಲು ಕೆರೆತ, ಒಂದೆರಡು ದಿನದ ಭೇದಿ, ಕೆಲಸ ಜಾಸ್ತಿಯಾಗಿ ಬಂದ ಸೊಂಟನೋವು, ಇವಕ್ಕೆ ಇದೇ ಸರಿ. ಶುಂಠಿ ಕರಿಮೆಣಸಿನ ಕಷಾಯ ಕುಡಿಯಿರಿ, ಗಂಟಲಿಗೆ ಹಾಯಾಗುತ್ತದೆ. ಆದರೆ ಸುಮ್ನೆ ಕಾಯುವುದು ಬೇರೆ, ನೋಡುತ್ತಾ ಕಾಯುವುದು ಬೇರೆ. ಬೆಳಿಗ್ಗೆ ಸಂಜೆ ಜ್ವರ ಎಷ್ಟು, ನೀರು ಎಷ್ಟು ಕುಡಿದರು, ಮೂತ್ರ ಎಷ್ಟು ಸಲ ಹೋಯಿತು ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯಿರಿ. ಯಾವ ದಿನ ಮುಗಿದರೆ ಹೊರಡುವುದು ಅಂತಲೂ ಅದೇ ಹಾಳೆಯಲ್ಲಿ ಬರೆಯಿರಿ.

ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಇದ್ದರೆ ಬಳಸಿ. ಮಳೆಗಾಲದಲ್ಲಿ ನಮ್ಮ ಬೆರಳು ತಣ್ಣಗಿರುತ್ತೆ, ಆಗ ಅದು ತಪ್ಪು ಲೆಕ್ಕ ತೋರಿಸಬಹುದು. ಕೈ ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ತೆಗೆದು, ಒಂದು ನಿಮಿಷ ಬಿಟ್ಟು ನೋಡಿ. ಆಗಲೂ 94ಕ್ಕಿಂತ ಕೆಳಗೆ ನಿಂತರೆ ಮನೆಯಲ್ಲಿ ಕಾಯುವ ಆಯ್ಕೆ ಮುಗಿಯಿತು.

ಕಾಮಾಲೆಗೆ ನಾಟಿ ಮದ್ದು ಕುಡಿದು ಪಥ್ಯ ಮಾಡುವವರು ನಮ್ಮಲ್ಲಿ ಬಹಳ. ಕಣ್ಣು ಹಳದಿಯಾಗಲು ಕಾರಣ ಒಂದೇ ಅಲ್ಲ. ಹೆಪಟೈಟಿಸ್ ಇರಬಹುದು, ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಕೂತಿರಬಹುದು, ಇಲಿ ಜ್ವರವೂ ಇರಬಹುದು. ಯಾವುದೆಂದು ರಕ್ತಪರೀಕ್ಷೆ, ಸ್ಕ್ಯಾನ್ ಹೇಳಬೇಕು. ಪಥ್ಯ ಮಾಡಬೇಕು ಅನಿಸಿದರೂ ಪರೀಕ್ಷೆ ಮೊದಲು ಮಾಡಿಸಿ.

ಮೆಡಿಕಲ್ ಶಾಪ್

ಪ್ಯಾರಾಸಿಟಮಾಲ್, ಓಆರ್‌ಎಸ್, ಗಾಯಕ್ಕೆ ಮುಲಾಮು ತರೋದಕ್ಕೆ ಸರಿ. ಅಷ್ಟಕ್ಕೇ ನಿಲ್ಲಿಸಿ. ಜ್ವರ, ಮೈಕೈ ನೋವು ಅಂದ ತಕ್ಷಣ ಮೂರು ಬಣ್ಣದ ಮಾತ್ರೆ ಕಾಗದದಲ್ಲಿ ಕಟ್ಟಿ ಕೊಟ್ಟರೆ, ಅದರಲ್ಲಿ ಏನಿದೆ ಅಂತ ಕೇಳಿ. ಪ್ಯಾರಾಸಿಟಮಾಲ್ ಅಲ್ಲದ ಬೇರೆ ನೋವಿನ ಮಾತ್ರೆ ಇದ್ದರೆ ಡೆಂಗ್ಯೂನಲ್ಲಿ ರಕ್ತಸ್ರಾವದ ಅಪಾಯ. ಸ್ಟೀರಾಯ್ಡ್ ಇದ್ದರೆ ಒಂದೆರಡು ದಿನ ಚೆನ್ನಾಗಿ ಅನಿಸುತ್ತೆ, ಕಾಯಿಲೆ ಒಳಗೇ ಬೆಳೆಯುತ್ತೆ. ಅರ್ಧ ಕೋರ್ಸ್ ಆಂಟಿಬಯೋಟಿಕ್ ತಿಂದು ಹೋದರೆ ಆಮೇಲಿನ ಕೆಲವು ಪರೀಕ್ಷೆಗಳಲ್ಲೂ ರೋಗ ಸರಿಯಾಗಿ ಕಾಣದೆ ಹೋಗಬಹುದು. ಕೂಲಿ ಕೆಲಸದವರು ಇಲ್ಲಿಗೆ ಯಾಕೆ ಬರುತ್ತಾರೆ ಅಂತ ಗೊತ್ತು. ಕಾಫಿ ಕುಯ್ಯುವ ಸಮಯದಲ್ಲಿ ಒಂದು ದಿನ ರಜೆ ಅಂದರೆ ಒಂದು ದಿನದ ಕೂಲಿ ಹೋಯಿತು. ಆದರೂ ಎರಡನೇ ಸಲ ಅದೇ ತೊಂದರೆಗೆ ಅದೇ ಅಂಗಡಿಗೆ ಹೋಗುವ ಬದಲು, ಆ ದುಡ್ಡನ್ನು ಬಸ್ಸಿಗೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದರೆ ಲಾಭ. ತೋಟದ ಮಾಲೀಕರಿಗೆ ಒಂದು ಮಾತು: ಲೈನ್ ಮನೆಯಲ್ಲಿ ಯಾರಿಗಾದರೂ ಮೂರು ದಿನ ಜ್ವರ ಅಂದರೆ ಅವರ ಕೂಲಿ ಕಟ್ ಮಾಡದೆ ಜೀಪಿನಲ್ಲಿ ಕಳಿಸಿ.

ಫೋನಿನಲ್ಲಿ ಡಾಕ್ಟರ್

ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ಉಚಿತವಾಗಿ ಮಾತಾಡಬಹುದು. ಹೋಗಬೇಕೋ ಬೇಡವೋ ಅನ್ನೋ ಗೊಂದಲಕ್ಕೆ, ಚರ್ಮದ ಅಲರ್ಜಿಗೆ, ಹಳೇ ರಿಪೋರ್ಟ್ ತೋರಿಸೋಕೆ ಒಳ್ಳೆಯದು. ಹೊಟ್ಟೆ ಒತ್ತಿ ನೋಡಬೇಕಾದ, ಎದೆಗೆ ಸ್ಟೆತಸ್ಕೋಪ್ ಇಡಬೇಕಾದ ತೊಂದರೆಗೆ ಸಾಲದು. ಜೋರು ಮಳೆಗೆ ಕರೆಂಟ್ ಹೋಗಿ, ಟವರ್ ಹೋಗಿ, ಗಾಳಿಬೀಡು ಭಾಗಮಂಡಲ ಕಡೆ ಫೋನೇ ಸತ್ತುಹೋಗುವ ದಿನಗಳಿವೆ, ಹಾಗಾಗಿ ಸಿಗ್ನಲ್ ಇರುವಾಗಲೇ ಮಾಡಿ. ಎದೆ ಬಡಿತ, ನಿದ್ದೆ ಇಲ್ಲ, ಸತ್ತೇ ಹೋಗ್ತೀನಿ ಅನ್ನೋ ಭಯ ಪದೇಪದೇ ಬರುತ್ತಿದ್ದು, ಇಸಿಜಿ, ರಕ್ತಪರೀಕ್ಷೆ ಎಲ್ಲಾ ಸರಿ ಬಂದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದೂ ಕಾಯಿಲೆಯೇ, ಅದಕ್ಕೂ ಔಷಧಿ ಇದೆ.

ಹತ್ತಿರದ ಡಾಕ್ಟರ್

ಪ್ರಾಥಮಿಕ ಆರೋಗ್ಯ ಕೇಂದ್ರ ಇರಬಹುದು, ಗೋಣಿಕೊಪ್ಪದಲ್ಲೋ ನಾಪೋಕ್ಲಿನಲ್ಲೋ ಸುಂಟಿಕೊಪ್ಪದಲ್ಲೋ ಇಪ್ಪತ್ತು ವರ್ಷದಿಂದ ನಿಮ್ಮ ಮನೆಯವರನ್ನು ನೋಡುತ್ತಿರುವ ಕ್ಲಿನಿಕ್ ಇರಬಹುದು. ಸ್ಪಷ್ಟವಿಲ್ಲದ ತೊಂದರೆಗೆ ನನ್ನ ಮೊದಲ ಆಯ್ಕೆ ಇದೇ. ನಿಮ್ಮ ತಾಯಿಗೆ ಸಕ್ಕರೆ ಇತ್ತು ಅನ್ನೋದು ಅವರಿಗೆ ಗೊತ್ತು. ಈಗ ಊರಲ್ಲಿ ಯಾವ ಜ್ವರ ಓಡಾಡುತ್ತಿದೆ ಅನ್ನೋದೂ ಗೊತ್ತು.

ಮಳೆಗಾಲದ ಜ್ವರದಲ್ಲಿ ಇದು ಬಹಳ ಮುಖ್ಯ. ಗದ್ದೆ ಕೆಲಸ ಮಾಡಿದವರಿಗೆ ಕಾಲಿನ ಮೀನಖಂಡ ಮುಟ್ಟೋಕೆ ಆಗದಷ್ಟು ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಅಂದರೆ ಇಲಿ ಜ್ವರದ ಅನುಮಾನ. ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗಿ ಬರುವುದು ಅದು. ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳು, ತೊಡೆಸಂದಿ, ಸೊಂಟದ ಹತ್ತಿರ ಬೀಡಿ ಸುಟ್ಟ ಹಾಗೆ ಒಂದು ಕಪ್ಪು ಚುಕ್ಕೆ ಇರಬಹುದು. ನೋವಿಲ್ಲ, ಹಾಗಾಗಿ ಯಾರೂ ನೋಡಿರುವುದಿಲ್ಲ, ನಾಚಿಕೆಗೆ ಹೇಳುವುದೂ ಇಲ್ಲ. ಜ್ವರ ಬಂದವರು ಸ್ನಾನದ ಹೊತ್ತಿಗೆ ಮೈಯೆಲ್ಲಾ ಒಮ್ಮೆ ನೋಡಿಕೊಳ್ಳಿ. ಬೇಗ ಗೊತ್ತಾದರೆ ಎರಡಕ್ಕೂ ಕಡಿಮೆ ಬೆಲೆಯ ಮಾತ್ರೆಯೇ ಸಾಕಾಗುತ್ತದೆ. ತಡವಾದರೆ ಕಿಡ್ನಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಡೆಂಗ್ಯೂ ಆದರೆ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಟ್ಟಿತು ಅಂತ ತೋಟಕ್ಕೆ ಹೊರಡುವಾಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ಮಂಕು ಬಂದರೆ ತಕ್ಷಣ ಆಸ್ಪತ್ರೆ. ಎನ್‌ಎಸ್‌1 ಅನ್ನುವ ಡೆಂಗ್ಯೂ ರಕ್ತಪರೀಕ್ಷೆ ಜ್ವರದ ಮೊದಲ ಐದು ದಿನದಲ್ಲಿ ಮಾಡಿದರೆ ಒಳ್ಳೆಯದು, ಆಮೇಲೆ ಬೇರೆ ಪರೀಕ್ಷೆ ಬೇಕು.

ಎರಡು ವಾರದ ಕೆಮ್ಮಿಗೂ ಇಲ್ಲೇ ಬನ್ನಿ. ಕಫ ಪರೀಕ್ಷೆ ಉಚಿತ. ಕ್ಷಯ ಅಂತ ಬಂದರೆ ಔಷಧಿಯೂ ಉಚಿತ, ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಆಹಾರಕ್ಕೆ ಸರ್ಕಾರ ಕೊಡುತ್ತದೆ. ತಿಂಗಳುಗಟ್ಟಲೆ ಸುಸ್ತಿಗೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಈ ಮೂರು ಮೊದಲು. ನಮ್ಮ ಹೆಂಗಸರು ಸುಸ್ತನ್ನು ಕಾಯಿಲೆ ಅಂತ ಒಪ್ಪುವುದೇ ಇಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಿ ಹಿಮೋಗ್ಲೋಬಿನ್ ಪೂರ್ತಿ ಇಳಿದಿದ್ದರೂ ಮನೆ, ತೋಟ ಎರಡೂ ನೋಡುತ್ತಾ ಓಡಾಡುತ್ತಿರುತ್ತಾರೆ. ಮನೆಯವರೇ ಕರೆದುಕೊಂಡು ಹೋಗಬೇಕು.

ಇದರ ಕೊರತೆ ಏನು? ಸ್ಕ್ಯಾನ್ ಇಲ್ಲ, ತಜ್ಞರಿಲ್ಲ, ಸಂಜೆ ಮೇಲೆ ಬಾಗಿಲು ಹಾಕಿರಬಹುದು. ಬೆಳಿಗ್ಗೆಯೇ ಹೋಗಿ. ಹಾಡಿಯಲ್ಲಿರುವವರು ಆಶಾ ಕಾರ್ಯಕರ್ತೆಯ ಹತ್ತಿರ ಯಾವ ದಿನ ಡಾಕ್ಟರ್ ಇರುತ್ತಾರೆ ಅಂತ ಮೊದಲೇ ಕೇಳಿಕೊಂಡರೆ ಒಂದು ಸುತ್ತು ಉಳಿಯುತ್ತದೆ.

ಮಡಿಕೇರಿಯಾ, ಮೈಸೂರಾ

ಮಡಿಕೇರಿಯ ಜಿಲ್ಲಾಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ. ಸರತಿ ಉದ್ದ, ಬೆಳಿಗ್ಗೆ ಹೋದರೆ ಮಧ್ಯಾಹ್ನ. ಆದರೆ ಬೇರೆ ಬೇರೆ ವಿಭಾಗದ ಡಾಕ್ಟರ್‌ಗಳು, ಪರೀಕ್ಷೆ ಒಂದೇ ಕಡೆ, ಖರ್ಚು ಕಡಿಮೆ. ಹತ್ತಿರದ ಡಾಕ್ಟರ್ ಕಾರಣ ಗೊತ್ತಾಗುತ್ತಿಲ್ಲ ಅಂದಾಗ ಮುಂದಿನ ಮೆಟ್ಟಿಲು ಇದು.

ಮೈಸೂರು, ಮಂಗಳೂರಿಗೆ ಹೋಗುವುದಕ್ಕೆ ಅರ್ಥ ಇರುವುದು ಏನು ಹುಡುಕಬೇಕು ಅಂತ ಗೊತ್ತಿರುವಾಗ. ಆಂಜಿಯೋಗ್ರಾಮ್ ಬೇಕು, ಗಡ್ಡೆಯ ತುಂಡು ತೆಗೆದು ಪರೀಕ್ಷೆ ಮಾಡಬೇಕು, ನರತಜ್ಞರು ನೋಡಬೇಕು, ಹೀಗೆ. ಬರೀ ಸುಸ್ತು ಅಂತ ಹೋದರೆ ಯಾವ ವಿಭಾಗಕ್ಕೆ ಹೋಗಬೇಕು ಅನ್ನೋದರಲ್ಲೇ ಒಂದು ದಿನ ಹೋಗುತ್ತದೆ. ಕಾರು ಬಾಡಿಗೆ, ಊಟ, ಲಾಡ್ಜ್ ಸೇರಿ ಪರೀಕ್ಷೆಗಿಂತ ಜಾಸ್ತಿ ಖರ್ಚಾಗುತ್ತದೆ.

ದುಡ್ಡಿನ ವಿಷಯದಲ್ಲಿ ಇನ್ನೊಂದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಸೀದಾ ಮೈಸೂರಿಗೆ ಹೋಗಿ ಅಡ್ಮಿಟ್ ಆದ ಮೇಲೆ ಪತ್ರಕ್ಕಾಗಿ ವಾಪಸ್ ಓಡಿಬರುವ ಕಷ್ಟ ಬೇಡ ಅಲ್ವಾ? ಸ್ವಂತ ಇನ್ಶೂರೆನ್ಸ್ ಇದ್ದವರಿಗೆ ಈ ಚಿಂತೆ ಇಲ್ಲ, ಅವರು ಹತ್ತಿರದ ಡಾಕ್ಟರ್ ಬರೆದುಕೊಟ್ಟ ಚೀಟಿಯೊಂದಿಗೆ ನೇರ ತಜ್ಞರ ಹತ್ತಿರ ಹೋಗಬಹುದು.

ಎಲ್ಲಿಗೇ ಹೋದರೂ, ತೊಂದರೆ ಯಾವತ್ತು ಶುರುವಾಯಿತು, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ ಅಂತ ನಾಲ್ಕು ಸಾಲು ಬರೆದುಕೊಂಡು ಹೋಗಿ. ತಿನ್ನುತ್ತಿರುವ ಮಾತ್ರೆಗಳ ಹೆಸರಲ್ಲ, ಮಾತ್ರೆಗಳ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ನಾಟಿ ಮದ್ದು ಕುಡಿದಿದ್ದರೆ ಅದನ್ನೂ ಹೇಳಿ. ಡಾಕ್ಟರ್ “ಏನೂ ಇಲ್ಲ” ಅಂದರೆ ಎದ್ದು ಬರುವ ಮುಂಚೆ ಎರಡು ಪ್ರಶ್ನೆ ಕೇಳಿ: ಇದು ಎಷ್ಟು ದಿನದಲ್ಲಿ ಹೋಗಬೇಕು ಡಾಕ್ಟ್ರೇ, ಏನು ಕಂಡರೆ ನಾನು ಕಾಯದೆ ವಾಪಸ್ ಬರಬೇಕು? ಆ ಉತ್ತರವನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ. ಅವರು ಹೇಳಿದ ದಿನ ಕಳೆದೂ ತೊಂದರೆ ಹಾಗೇ ಇದ್ದರೆ, ಅದೇ ಚೀಟಿ ಹಿಡಿದು ಅದೇ ಡಾಕ್ಟರ್ ಹತ್ತಿರ ಮತ್ತೆ ಹೋಗಿ, ಹೊಸಬರ ಹತ್ತಿರ ಮೊದಲಿಂದ ಶುರುಮಾಡಬೇಡಿ.